ಅಂಗಾಲಿನ ಕಿವಿ

ತೊಚಿಹಾರ ಊರಿನಲ್ಲಿ ಹರುಯೊಳ ಮಾತು ಬಂದರೆ ಜನ ಅವಳ ಮುಖದ ಬಗ್ಗೆ ಹೇಳುತ್ತಿರಲಿಲ್ಲ, ಗುಣದ ಬಗ್ಗೆಯೂ ಹೇಳುತ್ತಿರಲಿಲ್ಲ. ಹೇಳುತ್ತಿದ್ದದ್ದು ಪಾದದ ಬಗ್ಗೆ. "ಆ ಹೆಂಗಸಿನ ಅಂಗಾಲಿಗೆ ಕಿವಿ ಇದೆ" ಅನ್ನುತ್ತಿದ್ದರು. ಪಕ್ಕದ ಮನೆಯ ಶಿಗೆ ಅಜ್ಜಿ ಇನ್ನೂ ಒಂದು ಹೆಜ್ಜೆ ಮುಂದೆ. ಹರುಯೊ ಬೆಳಿಗ್ಗೆ ಹೊಸಿಲಾಚೆ ಬರಿಗಾಲು ಇಟ್ಟರೆ ಸಾಕು, ರಾತ್ರಿ ಎಷ್ಟು ಹೊತ್ತಿಗೆ ಹಿಮ ಬಿತ್ತು, ಎಷ್ಟು ಹೊತ್ತಿಗೆ ಗಾಳಿ ತಿರುಗಿತು, ಮೇಲೆ ಕರಸು ಬೆಟ್ಟದ ನೆತ್ತಿಯಲ್ಲಿ ಹಿಮ ಹಿಟ್ಟಿನ ಹಾಗಿದೆಯೋ ಕಲ್ಲಿನ ಹಾಗಿದೆಯೋ ಎಲ್ಲ ಹೇಳಿಬಿಡುತ್ತಾಳೆ ಅನ್ನುತ್ತಿದ್ದಳು. ಅಜ್ಜಿ ಸೊಪ್ಪಿನ ಉಪ್ಪಿನಕಾಯಿ ಹಾಕುವವಳು. ಉಪ್ಪಿನ ಹಾಗೆ ಮಾತಿನಲ್ಲೂ ಅವಳ ಕೈ ಸ್ವಲ್ಪ ಧಾರಾಳವೇ. ಆದರೂ ಈ ಮಾತನ್ನು ಊರಿನಲ್ಲಿ ಯಾರೂ ತೆಗೆದುಹಾಕುತ್ತಿರಲಿಲ್ಲ.

ಇದೆಲ್ಲ ಶುರುವಾದದ್ದು ಒಂದು ಚಾವಣಿಯ ಮೇಲಿಂದ. ಹರುಯೊ ಕಡಲ ಕರೆಯವಳು. ಇಪ್ಪತ್ತಾರನೇ ವಯಸ್ಸಿಗೆ ಈ ಕಣಿವೆಯ ಬಿಸಿನೀರ ಬುಗ್ಗೆಯ ವಸತಿಗೃಹಕ್ಕೆ ಹಾಸಿಗೆ ಹಾಸುವ, ತಟ್ಟೆ ತೊಳೆಯುವ ಕೆಲಸಕ್ಕೆ ಬಂದಳು. ಆ ಚಳಿಗಾಲ ಯಾರೋ ಅತಿಥಿ ಒಂದು ವಿಚಿತ್ರ ಹಲಗೆಯನ್ನು ಬಿಟ್ಟುಹೋಗಿದ್ದ. ಕಾಲಿಗೊಂದು ಹಲಗೆ ಕಟ್ಟಿಕೊಂಡು ಸ್ಕೀ ಜಾರುವುದು ಊರಿಗೆಲ್ಲ ಗೊತ್ತು. ಎರಡೂ ಕಾಲಿಗೆ ಒಂದೇ ಹಲಗೆ ಕಟ್ಟಿಕೊಂಡು ಏಡಿಯ ಹಾಗೆ ಅಡ್ಡಡ್ಡ ಇಳಿಯುವುದು ಯಾರು ಕಂಡಿದ್ದರು? ಅದಕ್ಕೆ ಸ್ನೋಬೋರ್ಡ್ ಅನ್ನುತ್ತಾರಂತೆ ಎಂದು ಗೊತ್ತಾದಾಗ, ನಾಳೆ ಒಂದೇ ಚಡ್ಡಿಗೆ ಇಬ್ಬರು ತೂರಿಕೊಳ್ಳುತ್ತಾರೆ ಎಂದು ಅಡುಗೆಯವನು ನಕ್ಕಿದ್ದ. ಹರುಯೊ ಒಂದು ಮಧ್ಯಾಹ್ನ ಚಾವಣಿಯ ಹಿಮ ಎಳೆದು ಹಾಕಲು ಹತ್ತಿದವಳು, ಆ ಹಲಗೆಯನ್ನು ತನ್ನ ರಬ್ಬರ್ ಬೂಟಿಗೆ ಕಿಮೊನೊದ ಸೊಂಟಪಟ್ಟಿಯಿಂದ ಬಿಗಿದುಕೊಂಡು, ಚಾವಣಿಯಿಂದ ಹಿತ್ತಲಿಗೆ, ಹಿತ್ತಲಿನಿಂದ ಕೆಳಗಿನ ಕಾರ್ಖಾನೆಯ ಅಂಗಳಕ್ಕೆ ಒಂದೇ ಉಸಿರಿಗೆ ಇಳಿದುಬಿಟ್ಟಳು. ನಿಂತದ್ದು ಸೌದೆ ರಾಶಿಯ ಮೇಲೆ ಬಿದ್ದ ನಂತರವೇ.

ಆ ಅಂಗಳ ತೊಕುಜಿಯದು. ಮೂರು ತಲೆಮಾರಿನಿಂದ ಮರದ ಸ್ಕೀ ಮಾಡುವ ಮನೆತನ. ತೊಕುಜಿ ಹೊರಗೆ ಬಂದು ಅವಳನ್ನೂ ಚೆದುರಿದ ಸೌದೆಯನ್ನೂ ನೋಡಿದ. ಏಟಾಯಿತೇ ಎಂದು ಕೇಳಲಿಲ್ಲ. "ಏನನ್ನಿಸ್ತು?" ಎಂದು ಕೇಳಿದ.

ಬಾಲದ ಹತ್ತಿರ, ಎಡಗಡೆ, ಒಳಗೇನೋ ಗೊಣಗುತ್ತದೆ ಎಂದಳು ಹರುಯೊ.

ತೊಕುಜಿ ಆ ಹಲಗೆಯನ್ನು ಒಳಗೆ ಒಯ್ದು ಗರಗಸದಿಂದ ಸೀಳಿದ. ಬಾಲದ ಹತ್ತಿರ, ಎಡಗಡೆ, ಮರದೊಳಗೆ ಕಡಲೆಕಾಳಿನಷ್ಟು ಒಂದು ಗಂಟು. ಅತಿಥಿಯ ಸ್ವತ್ತನ್ನು ಸೀಳಿದ್ದಕ್ಕೆ ವಸತಿಗೃಹದ ಯಜಮಾನಿ ಇಬ್ಬರಿಗೂ ಬೈದಳು. ಮಾರನೇ ವಾರ ಹರುಯೊ ತಟ್ಟೆ ತೊಳೆಯುವುದನ್ನು ಬಿಟ್ಟು ತೊಕುಜಿಯ ಕಾರ್ಖಾನೆಗೆ ಸೇರಿದಳು. ಅಲ್ಲಿಂದ ಮೂವತ್ತು ಚಳಿಗಾಲ, ಆ ಕಾರ್ಖಾನೆಯಲ್ಲಿ ಹುಟ್ಟಿದ ಪ್ರತಿ ಹೊಸ ಹಲಗೆಯ ಮೇಲೂ ಮೊದಲು ನಿಂತದ್ದು ಅವಳೇ. ನಡುವೆ ಲಿಫ್ಟ್ ರಿಪೇರಿ ಮಾಡುವವನೊಬ್ಬನನ್ನು ಮದುವೆಯಾಗಿದ್ದಳು. ಅವನು ನಾಲ್ಕು ವರ್ಷ ಇದ್ದು ಬೆಚ್ಚಗಿನ ಊರಿಗೆ ಹೊರಟ. ಇವಳು ಹೊರಡಲಿಲ್ಲ. ಅಷ್ಟೇ.

ತೊಕುಜಿ ಮಾಡುತ್ತಿದ್ದದ್ದು ಒಂದೇ ಬಗೆ. ಇಡೀ ಬೆಟ್ಟದ ಹಲಗೆ ಎಂದು ಅದಕ್ಕೆ ಹೆಸರು. ಗಟ್ಟಿ ಹಿಮಕ್ಕೆ ಒಂದು, ಪುಡಿ ಹಿಮಕ್ಕೆ ಇನ್ನೊಂದು, ಜಿಗಿದು ಆಡುವುದಕ್ಕೆ ಮತ್ತೊಂದು ಅಂತ ಬೇರೆ ಬೇರೆ ಮಾಡುವವರು ಬೇರೆ ಕಡೆ ಇದ್ದರು. ತೊಕುಜಿ ಒಪ್ಪುತ್ತಿರಲಿಲ್ಲ. ಮನೆಗೆ ಬಂದ ಸೊಸೆ ಅತ್ತೆಯ ಹತ್ತಿರವೂ ಬಾಳಬೇಕು, ನಾದಿನಿಯ ಹತ್ತಿರವೂ ಬಾಳಬೇಕು, ಗೊರಕೆ ಹೊಡೆಯುವ ಮಾವನ ಹತ್ತಿರವೂ ಬಾಳಬೇಕು, ಹಲಗೆಯೂ ಹಾಗೇ ಅನ್ನುತ್ತಿದ್ದ.

ಹಾಗಾಗಿ ಪರೀಕ್ಷೆ ಒಂದೇ ದಿನ, ಮೂರು ಇಳಿತ. ಬೆಳಿಗ್ಗೆ ಬೋಳುತಲೆ. ಅದು ಬೆಟ್ಟದ ಉತ್ತರದ ಇಳಿಜಾರು. ಬಿದ್ದ ಹಿಮವನ್ನೆಲ್ಲ ಗಾಳಿ ಗುಡಿಸಿ, ಉಳಿದದ್ದನ್ನು ಚಳಿ ಕಲ್ಲು ಮಾಡಿ, ಹೊಳೆಯುವ ಬೋಳು. ಕೆಳತುದಿಯಲ್ಲಿ ಬಲಕ್ಕೆ ತಿರುಗಿದರೆ ದಾರಿ, ತಿರುಗದಿದ್ದರೆ ಹಳ್ಳದ ಬಂಡೆ. ಮಧ್ಯಾಹ್ನ ಬೂನಾ ಮರಗಳ ಕಾಡು, ಅಲ್ಲಿ ಸೊಂಟದವರೆಗೂ ಮೆತ್ತನೆಯ ಹಿಮ. ಸಂಜೆ ಬಿಸಿಲಿಗೆ ನೆನೆದು, ನೂರಾರು ಜನ ಉತ್ತು ಗುಡ್ಡೆಗುಡ್ಡೆಯಾದ ಕೆಳದಾರಿ. ಮೂರೂ ಮುಗಿಸಿ ಹರುಯೊ ಕಾರ್ಖಾನೆಗೆ ಬಂದು, ಬೂಟು ಕಳಚಿ, ಕಾಲುಚೀಲದ ಪಾದಗಳನ್ನು ಒಲೆಯ ಕಡೆ ಚಾಚಿ, ಹುರಿದ ಬಾರ್ಲಿಯ ಚಹಾ ಹಿಡಿದು ಕೂರುತ್ತಿದ್ದಳು. ಲೋಟ ಖಾಲಿಯಾಗುವವರೆಗೆ ಯಾರೂ ಏನೂ ಕೇಳುವ ಹಾಗಿಲ್ಲ. ಆಮೇಲೆ ಹೇಳುತ್ತಿದ್ದಳು: ಮೂತಿ ತೇಲುತ್ತೆ, ಆದರೆ ತಿರುಗೋಕೆ ಸೋಮಾರಿ. ನಡು ಒಳ್ಳೇದು, ಬಾಲ ಹಟಮಾರಿ. ಹಿಮ್ಮಡಿ ಕಡೆ ಅಂಚು ಕಚ್ಚೋದು ಒಂದು ಗಳಿಗೆ ತಡ. ಕೊನೆಗೆ ಒಂದು ತೀರ್ಪು. ಹಲಗೆ ಗಟ್ಟಿ ಹಿಮದ ಮೇಲೆ ಗಡಗಡ ನಡುಗಿದರೆ "ಮಾತಾಡುತ್ತೆ". ನಡುಗದಿದ್ದರೆ "ಸುಮ್ಮನಿದೆ". ಮಾತಾಡುವ ಹಲಗೆ ಒಲೆಗೆ ಹೋಗುತ್ತಿತ್ತು. ಸುಮ್ಮನಿರುವ ಹಲಗೆಯ ಹಾಗೇ ಉಳಿದವನ್ನು ಮಾಡಿ, ಬಾಲದ ಬಳಿ ಕಾದ ಕಬ್ಬಿಣದ ಅಚ್ಚಿನಿಂದ ಪುಟ್ಟದೊಂದು ಪಾದದ ಗುರುತು ಸುಡುತ್ತಿದ್ದರು. ಆ ಗುರುತು ಕಂಡರೆ ಕಣಿವೆಯಲ್ಲಿ ಯಾರೂ ಮತ್ತೆ ಪ್ರಶ್ನೆ ಕೇಳುತ್ತಿರಲಿಲ್ಲ.

ತೊಕುಜಿಯದು ಇನ್ನೂ ಒಂದು ಕಟ್ಟಳೆ ಇತ್ತು. ಹಲಗೆ ಹತ್ತುವವರು ಇಳಿದ ಮೇಲೆ ತಿರುಗಿ ತಮ್ಮ ಗೆರೆಯನ್ನು ನೋಡಬಾರದು. ಕಣ್ಣಿಗೆ ಮಾತಾಡಲು ಬಿಟ್ಟರೆ ಕಾಲು ಸೋಮಾರಿಯಾಗುತ್ತದೆ ಅನ್ನುತ್ತಿದ್ದ. ಹರುಯೊ ಮೂವತ್ತು ವರ್ಷ ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಕಾರ್ಖಾನೆಯ ಗೋಡೆಗೆ ಅಂಟಿಕೊಂಡು ಎರಡು ಕೋಣೆಯ ಮನೆ. ಅದು ಹಲಗೆ ಹತ್ತುವವರ ಮನೆ. ಸಾಯುವ ಮುಂಚೆ ತೊಕುಜಿ ಮಗ ಇಸಾಕುವಿಗೆ ಹೇಳಿಹೋಗಿದ್ದ: ಹತ್ತುವವರು ಯಾರೋ ಅವರಿಗೆ ಆ ಮನೆ, ಇಳಿದವರಿಗಲ್ಲ. ಆಗ ಹರುಯೊ ಅಲ್ಲೇ ಕೂತು, ನಾನೆಲ್ಲಿ ಇಳಿಯುತ್ತೇನೆ, ಹಲಗೆ ಸಮೇತ ನನ್ನನ್ನು ಹೂಳಿಬಿಡಿ ಎಂದು ನಕ್ಕಿದ್ದಳು.

ಅವಳಿಗೆ ಐವತ್ತಾರಾದ ಚಳಿಗಾಲ, ಇಸಾಕು ಒಂದು ಹೊಸ ಹಲಗೆ ಮಾಡಿದ. ಅಪ್ಪ ತಮೊ ಎಂಬ ಗಟ್ಟಿ ಮರ ಹಾಕುತ್ತಿದ್ದ ಜಾಗದಲ್ಲಿ ಮಗ ಕಿರಿ ಎಂಬ ಹಗುರವಾದ ಮರ ಹಾಕಿದ್ದ. ನಡುಕ ಹೀರಲು ಅಂಚಿನ ಮೇಲೆ ಕೂರಿಸುತ್ತಿದ್ದ ರಬ್ಬರಿನ ತೆಳುಪಟ್ಟಿಯನ್ನೂ ತೂಕವೆಂದು ತೆಗೆದಿದ್ದ. ಒಂದು ಕೈಯಲ್ಲಿ ಎತ್ತಿದರೆ ಬುಟ್ಟಿಯಷ್ಟು ಹಗುರ. ಫೆಬ್ರವರಿಯಲ್ಲಿ ಹರುಯೊ ಮೂರು ಇಳಿತ ಇಳಿದಳು. ಬೂನಾ ಕಾಡಿನಲ್ಲಿ ಅದು ಹಿಮದ ಮೇಲೆ ಹೋಗಲೇ ಇಲ್ಲ, ಹಿಮದ ಉಸಿರಿನ ಮೇಲೆ ಹೋಯಿತು. ಮರದಿಂದ ಮರಕ್ಕೆ ಮಂಡಿ ಮನಸ್ಸು ಮಾಡಿದಷ್ಟರಲ್ಲೇ ತಿರುಗಿತು. ಸಂಜೆಯ ಗುಡ್ಡೆಗಳನ್ನು ಬೆಕ್ಕಿನಂತೆ ದಾಟಿತು. ಬೆಳಗಿನ ಬೋಳುತಲೆಯ ಮೇಲಂತೂ ಮುಂಗಾಲಿಗೆ ಒಂದು ಸದ್ದಿಲ್ಲ, ಒಂದು ನಡುಕವಿಲ್ಲ, ರಜಾಯಿಯ ಮೇಲೆ ನಿಂತ ಹಾಗೆ. ಚಹಾ ಮುಗಿಸಿ ಅವಳು ಹೇಳಿದಳು, ಸುಮ್ಮನಿದೆ, ಇಷ್ಟು ಸುಮ್ಮನಿರುವ ಹಲಗೆ ನಾನು ಹತ್ತೇ ಇಲ್ಲ. ಇಸಾಕು ಬಾಗಿಲಾಚೆ ಹೋಗಿ ಕಣ್ಣೊರೆಸಿಕೊಂಡು ಬಂದ. ಆ ಬೇಸಿಗೆ ಅರವತ್ತು ಹಲಗೆ ಮಾಡಿ ಅರವತ್ತಕ್ಕೂ ಪಾದದ ಗುರುತು ಸುಟ್ಟ.

ನವೆಂಬರ್ ಬಂತು. ಒಂದು ಮಧ್ಯಾಹ್ನ ಹರುಯೊ ಕೊತಾತ್ಸುವಿನ ಮುಂದೆ, ಅದೇ ಕೆಳಗೆ ಬಿಸಿಯಿಟ್ಟು ರಜಾಯಿ ಹೊದಿಸಿದ ಗಿಡ್ಡ ಮೇಜಿನ ಮುಂದೆ, ಕಾಲು ಒಳಗೆ ಚಾಚಿಕೊಂಡು ಮೂಲಂಗಿ ಹೆಚ್ಚುತ್ತಿದ್ದಳು. ಏನೋ ಕಮರು ವಾಸನೆ ಬಂತು. ಶಿಗೆ ಅಜ್ಜಿಯ ಒಲೆಯ ಮೇಲೆ ಮೀನು ಸೀದಿರಬೇಕು ಅಂದುಕೊಂಡಳು. ಮೂಲಂಗಿ ಮುಗಿಸಿ ಎದ್ದಾಗ ನೋಡುತ್ತಾಳೆ, ಎಡಗಾಲಿನ ಕಾಲುಚೀಲ ಸುಟ್ಟು ಅಂಗಾಲಿಗೆ ಅಂಟಿಕೊಂಡಿದೆ.

ಕೆಳಗಿನ ಪೇಟೆಯ ವೈದ್ಯರು ಅವಳನ್ನು ಕಣ್ಣು ಮುಚ್ಚಿಸಿ ಕೂರಿಸಿ, ಪಾದಕ್ಕೆ ಸೂಜಿಯ ಮೊನೆ ತಾಗಿಸಿ, ಎಷ್ಟು ಸಲ ಎಂದು ಎಣಿಸಲು ಹೇಳಿದರು. ಬಲಗಾಲಿಗೆ ಹತ್ತು ಅಂದಳು, ಹನ್ನೊಂದಾಗಿತ್ತು. ಎಡಗಾಲಿಗೆ ಎರಡು ಅಂದಳು. ಅದೂ ಹನ್ನೊಂದೇ ಆಗಿತ್ತು. ಸಕ್ಕರೆ ಕಾಯಿಲೆ ನರಗಳನ್ನು ತಿಂದಿದೆ, ತಿಂದದ್ದು ಮರಳಿ ಬರುವುದಿಲ್ಲ, ದಿನಾ ಅಂಗಾಲನ್ನು ಪರೀಕ್ಷೆ ಮಾಡಿಕೊಳ್ಳಿ ಎಂದರು. ಯಾವಾಗಿನಿಂದ ಎಂದು ಹರುಯೊ ಕೇಳಿದಳು. ವರ್ಷವಾಗಿರಬಹುದು, ಎರಡೂ ಆಗಿರಬಹುದು, ಇದು ಹೇಳಿಕೇಳಿ ಬರುವುದಿಲ್ಲವಲ್ಲ ಎಂದರು ವೈದ್ಯರು.

ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ. ಅಂಗಾಲ ಹುಣ್ಣಿಗೆ ಬೇಕಾಯಿತು. ಹರುಯೊ ಬರುವಾಗ ಪೇಟೆಯಲ್ಲಿ ಒಂದು ಕೈಗನ್ನಡಿ ಕೊಂಡು ತಂದಳು. ದಿನಾ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಪಾದದ ಕೆಳಗೆ ಹಿಡಿದು ನೋಡುವಳು. ಗಾಯ ನಿಧಾನಕ್ಕೆ ಒಣಗುತ್ತಿತ್ತು. ಆದರೆ ಕನ್ನಡಿಯಲ್ಲಿ ಕಾಣದ ಒಂದು ಪ್ರಶ್ನೆ ಅವಳನ್ನು ತಿನ್ನುತ್ತಿತ್ತು: ಫೆಬ್ರವರಿಯಲ್ಲಿ ಸುಮ್ಮನಿದ್ದದ್ದು ಹಲಗೆಯೋ, ಕಾಲೋ?

ಹೇಳೋಣವೆಂದು ಮೂರು ಸಲ ಕಾರ್ಖಾನೆಯ ಬಾಗಿಲವರೆಗೂ ಹೋದಳು. ಹೇಳಿದರೆ ಕೆಲಸ ಹೋಯಿತು, ಮನೆ ಹೋಯಿತು, ಊರು ಕೊಟ್ಟ ಹೆಸರು ಹೋಯಿತು. ಅದೂ ಹಲಗೆ ನಿಜವಾಗಿಯೂ ಚೆನ್ನಾಗಿದ್ದರೆ ಸುಮ್ಮನೆ ಹೋಯಿತು. ಬಾಯಲ್ಲಿ ಬಿಸಿತುಪ್ಪ. ಮೂರು ಸಲವೂ ಏನೋ ಬೇರೆ ಮಾತಾಡಿ ವಾಪಸು ಬಂದಳು. ಡಿಸೆಂಬರಿನಲ್ಲಿ ಅರವತ್ತು ಹಲಗೆಗಳು ಅಂಗಡಿಗಳಿಗೆ ಹೋದವು. ಅವುಗಳಲ್ಲಿ ಐದು ಬೆಟ್ಟದ ಕಾವಲು ಪಡೆಗೆ ಬಂದವು.

ಆ ಪಡೆಯಲ್ಲಿ ಹರುಯೊಳ ಅಕ್ಕನ ಮಗಳು ಕೊನೊಮಿ ಇದ್ದಳು. ಮೂವತ್ತೊಂದು ವರ್ಷ, ಗಟ್ಟಿಮುಟ್ಟು, ಮಾತು ಕಮ್ಮಿ, ಊಟ ಜಾಸ್ತಿ. ಬಿದ್ದವರನ್ನು ಎತ್ತಿ ತರುವುದು, ಹಿಮ ಜರಿಯುವ ಜಾಗಕ್ಕೆ ಹಗ್ಗ ಕಟ್ಟುವುದು ಅವಳ ಕೆಲಸ. ಚಿಕ್ಕಮ್ಮನ ಪಾದದ ಗುರುತಿರುವ ಹಲಗೆ ಅಂತ ಮೊದಲನೆಯದನ್ನು ಅವಳಿಗೇ ಕೊಟ್ಟಿದ್ದರು.

ಜನವರಿಯ ಒಂದು ಸಂಜೆ ಕೊನೊಮಿ ಊಟಕ್ಕೆ ಬಂದಳು. ಮಿಸೊ ಸಾರು, ಅನ್ನ, ಶಿಗೆ ಅಜ್ಜಿಯ ಸೊಪ್ಪಿನ ಉಪ್ಪಿನಕಾಯಿ. ಎರಡನೇ ಬಟ್ಟಲು ಅನ್ನಕ್ಕೆ ಕೈ ಚಾಚಲಿಲ್ಲ. ಹರುಯೊ ತಲೆಯೆತ್ತಿ ನೋಡಿದಳು. ಮಣಿಕಟ್ಟು ಊದಿತ್ತು.

"ಚಿಕ್ಕಮ್ಮ, ಆ ಹಲಗೆ ನನ್ನ ಹತ್ರ ಮಾತ್ರ ಜಗಳ ಆಡುತ್ತೆ" ಎಂದಳು ಕೊನೊಮಿ. "ಬೋಳುತಲೆ ಮೇಲೆ ಮೂತಿ ಗಡಗಡ ಅನ್ನುತ್ತೆ. ಅಂಚು ಹಿಡಿದಂಗೆ ಮಾಡಿ ಬಿಟ್ಟುಬಿಡುತ್ತೆ. ಎರಡು ಸಲ ಬಿದ್ದೆ."

ಹರುಯೊ ಊಟದ ಕಡ್ಡಿಗಳನ್ನು ಕೆಳಗಿಟ್ಟಳು. ಹಳೆಯ ಹಲಗೆಯಲ್ಲಿ ಹೋಗಬಾರದೇ ಎಂದಳು. ಅದನ್ನು ಗೆಳತಿಗೆ ಕೊಟ್ಟಾಯಿತು ಎಂದಳು ಕೊನೊಮಿ. ಅಲ್ಲದೆ ನಿನ್ನ ಗುರುತಿರುವ ಹಲಗೆಯನ್ನು ಬಿಟ್ಟು ಬೇರೆಯದು ಹತ್ತಿದರೆ ನೋಡಿದವರು ಏನಂದಾರು, ತಪ್ಪು ನನ್ನ ಕಾಲಿನದೇ ಇರಬೇಕು, ಹಿಮ್ಮಡಿಗೆ ಭಾರ ಜಾಸ್ತಿ ಹಾಕುತ್ತಿರಬೇಕು ಎಂದೆಲ್ಲ ಅವಳೇ ಹೇಳಿಕೊಂಡಳು. ನಾಳೆ ಬೆಳಿಗ್ಗೆ ಪಡೆಯ ವರ್ಷದ ಪರೀಕ್ಷೆ. ಬೋಳುತಲೆಯ ನೆತ್ತಿಯಿಂದ ಮೂರು ಕೆಂಪು ಬಾವುಟ ದಾಟಿ, ಎಲ್ಲೂ ನಿಲ್ಲದೆ, ಗಡಿಯಾರ ಹಿಡಿದ ಮುಖ್ಯಸ್ಥನ ಮುಂದೆ ಇಳಿಯಬೇಕು. ಆಗದಿದ್ದರೆ ಈ ವರ್ಷ ಕೆಳಗೆ ಕೂತು ಟಿಕೆಟ್ ನೋಡಬೇಕು.

"ಈ ಸಲ ಅಂಚನ್ನ ಬಿಡೋಕೇ ಬಿಡಲ್ಲ. ಪೂರ್ತಿ ವೇಗದಲ್ಲೇ ಕೂರಿಸ್ತೀನಿ" ಎಂದಳು ಕೊನೊಮಿ.

ನಡುಗುವ ಹಲಗೆಯನ್ನು ಪೂರ್ತಿ ವೇಗದಲ್ಲಿ ಒತ್ತಿದರೆ ಏನಾಗುತ್ತದೆಂದು ಹರುಯೊಳಿಗೆ ಗೊತ್ತಿತ್ತು. ಮೂರನೇ ಬಾವುಟದ ಕೆಳಗೆ ಬಂಡೆಗಳಿದ್ದದ್ದೂ ಗೊತ್ತಿತ್ತು. ಆಗಲೇ ಹೇಳಬಹುದಿತ್ತು. ಅವಳು ಹೇಳಿದ್ದು ಇಷ್ಟು: "ನಾಳೆ ನಾನೂ ಬರ್ತೀನಿ. ಮೊದಲು ನಾನು ಇಳಿದು ಹಿಮ ನೋಡ್ತೀನಿ. ನಾನು ಕೈ ಎತ್ತೋವರೆಗೂ ನೀನು ಇಳಿಯಬಾರದು."

ಬೆಳಿಗ್ಗೆ ಏಳಕ್ಕೆ, ಜನ ಬರುವ ಮುಂಚಿನ ಲಿಫ್ಟಿನಲ್ಲಿ, ಇಬ್ಬರೂ ಅಕ್ಕಪಕ್ಕ ಕೂತು ಮೇಲೆ ಹೋದರು. ಹರುಯೊ ತಂದದ್ದು ಫೆಬ್ರವರಿಯಲ್ಲಿ ಹತ್ತಿದ್ದ ಅದೇ ಮಾದರಿ ಹಲಗೆ. ಮುಖ್ಯಸ್ಥ ಕೆಳಗಿನ ಗುಡಿಸಲ ಮುಂದೆ ಗಡಿಯಾರ ಹಿಡಿದು ನಿಂತಿದ್ದ. ಹರುಯೊ ಮೊದಲು ಇಳಿಯುವುದಕ್ಕೆ ಅವನದೇನೂ ತಕರಾರಿರಲಿಲ್ಲ. ಅವಳು ಹಿಮ ನೋಡಿ ಹೇಳುವುದು ಇವತ್ತು ನಿನ್ನೆಯದಲ್ಲ. ಲಿಫ್ಟಿನ ದಾರಿಯುದ್ದಕ್ಕೂ ಕೊನೊಮಿ ಒಂದೇ ಸಲ ಬಾಯಿ ಬಿಟ್ಟಳು, ನೀನು ಇರುವುದು ಧೈರ್ಯ ಎಂದು. ಹರುಯೊ ಆಚೆ ನೋಡಿದಳು.

ನೆತ್ತಿಯಲ್ಲಿ ಗಾಳಿ. ಬೋಳುತಲೆ ಬಿಸಿಲಿಗೆ ಉಕ್ಕಿನಂತೆ ಹೊಳೆಯುತ್ತಿತ್ತು. ಹರುಯೊ ಪಟ್ಟಿ ಬಿಗಿದುಕೊಂಡು, ಟೋಪಿಯನ್ನು ಕಿವಿಯ ಮೇಲಕ್ಕೆ ಸರಿಸಿ, ಎಡಗಾಲು ಮುಂದಾಗಿ ಹೊರಟಳು.

ಮೊದಲ ಬಾವುಟದವರೆಗೂ ಎಲ್ಲ ಫೆಬ್ರವರಿಯ ಹಾಗೇ. ಮಂಡಿ ಮಡಿಸಿದಷ್ಟಕ್ಕೆ ಹಲಗೆ ಮಣಿಯಿತು. ಕಾಲ್ಬೆರಳ ಕಡೆ ವಾಲಿದರೆ ಆ ಅಂಚು, ಹಿಮ್ಮಡಿಯ ಕಡೆ ವಾಲಿದರೆ ಈ ಅಂಚು. ಮುಂಗಾಲಿನ ಕೆಳಗೆ ಸದ್ದಿಲ್ಲ. ಬಿಟ್ಟಳು ಇನ್ನಷ್ಟು ವೇಗಕ್ಕೆ. ಎರಡನೇ ಬಾವುಟ ಎದುರಿಗೆ ಬಂತು. ನೋಡುತ್ತಾಳೆ, ಒಂದು ಬಾವುಟ ಎರಡಾಗಿ ಕಾಣುತ್ತಿದೆ. ಎರಡೂ ಗಡಗಡ ಅಲ್ಲಾಡುತ್ತಿವೆ. ಆ ಹೊತ್ತಿಗೆ ಗಾಳಿ ನಿಂತಿತ್ತು, ಬಾವುಟದ ಬಟ್ಟೆ ಜೋತುಬಿದ್ದಿತ್ತು. ಅಲ್ಲಾಡುತ್ತಿದ್ದದ್ದು ಅವಳ ಕಣ್ಣು. ಕಣ್ಣು ನಡುಗುತ್ತಿತ್ತು, ಹಲ್ಲು ನಡುಗುತ್ತಿತ್ತು, ಕಾಲು ಮಾತ್ರ ರಜಾಯಿಯ ಮೇಲೆ ನಿಂತಿತ್ತು.

ಮೂತಿ ಸರಿಯಿತು. ಹರುಯೊ ಕುಳಿತೇಬಿಟ್ಟು, ಬರಿಯ ಹಳೆಯ ಅಭ್ಯಾಸದಿಂದ ಹಲಗೆಯನ್ನು ಅಡ್ಡ ಹಾಕಿ ನಿಲ್ಲಿಸಿದಳು. ಮೂರನೇ ಬಾವುಟಕ್ಕೆ ಇಪ್ಪತ್ತು ಮಾರು ಮೇಲೆ.

ಉಸಿರು ಇಳಿಯುವವರೆಗೆ ಅವಳು ಕೆಳಗಿನ ಬಂಡೆಗಳನ್ನೇ ನೋಡುತ್ತಿದ್ದಳು. ಆಮೇಲೆ ಮೂವತ್ತು ವರ್ಷದಲ್ಲಿ ಮಾಡದ್ದನ್ನು ಮಾಡಿದಳು. ತಿರುಗಿ ತನ್ನ ಗೆರೆಯನ್ನು ನೋಡಿದಳು.

ಸುಮ್ಮನಿರುವ ಹಲಗೆ ಗಟ್ಟಿ ಹಿಮದ ಮೇಲೆ ಚಾಕುವಿನಿಂದ ಎಳೆದ ಹಾಗೆ ಒಂದೇ ಗೆರೆ ಬಿಡುತ್ತದೆ. ಇಲ್ಲಿ ನೆತ್ತಿಯಿಂದ ಇಳಿದು ಬಂದಿದ್ದದ್ದು ಗೆರೆಯಲ್ಲ, ಹೊಲಿಗೆ. ಒಂದು ಚುಕ್ಕಿ, ಒಂದು ಖಾಲಿ, ಒಂದು ಚುಕ್ಕಿ, ಒಂದು ಖಾಲಿ. ಮೊದಲ ಬಾವುಟಕ್ಕೂ ಮುಂಚೆಯೇ ಶುರುವಾಗಿತ್ತು. ಎರಡನೇ ಬಾವುಟದ ಹತ್ತಿರ ಒಂದು ಮಾರಿನಷ್ಟು ಏನೂ ಇರಲಿಲ್ಲ. ಅಲ್ಲಿ ಅಂಚು ಹಿಮವನ್ನು ಮುಟ್ಟಿಯೇ ಇರಲಿಲ್ಲ.

ಮೇಲೆ, ಆಕಾಶದ ಅಂಚಿನಲ್ಲಿ, ಕೊನೊಮಿ ಸಣ್ಣಗೆ ಕಂಡಳು. ಇಳಿಯಲೇ ಎಂಬಂತೆ ಕೈ ಆಡಿಸಿದಳು. ಕೆಳಗಿನಿಂದ ಮುಖ್ಯಸ್ಥನ ಸೀಟಿ ಕೇಳಿತು. ಎಂಟೂವರೆಗೆ ಜನರಿಗೆ ದಾರಿ ಬಿಡಬೇಕು, ಅವನಿಗೂ ಅವಸರ. ಹರುಯೊ ಕೈ ಎತ್ತಲಿಲ್ಲ. ಪಟ್ಟಿ ಬಿಚ್ಚಿ, ಹಲಗೆಯನ್ನು ಬೆನ್ನಿಗೆ ಹಾಕಿಕೊಂಡು, ಬೂಟಿನ ಮೊನೆಯಿಂದ ಹಿಮ ಕುಟ್ಟಿ ಮೆಟ್ಟಿಲು ಮಾಡಿಕೊಂಡು, ತನ್ನ ಹೊಲಿಗೆಯ ಪಕ್ಕದಲ್ಲೇ ಮೇಲೆ ಹತ್ತತೊಡಗಿದಳು.

ಎಡಗಾಲು ಎಲ್ಲಿ ಊರಿದೆ ಎಂದು ಪ್ರತಿ ಹೆಜ್ಜೆಗೂ ಬಗ್ಗಿ ನೋಡಬೇಕಿತ್ತು. ಎರಡು ಸಲ ಜಾರಿ ಮಂಡಿ ಊರಿದಳು. ಹತ್ತುತ್ತಾ ಹತ್ತುತ್ತಾ ಅವಳ ತಲೆಯಲ್ಲಿ ಒಂದು ಮಾತು ತಾನಾಗಿ ತಯಾರಾಗುತ್ತಿತ್ತು. ಹಿಮ ಸರಿಯಿಲ್ಲ. ಇಷ್ಟೇ ಸಾಕು. ಹಿಮ ಸರಿಯಿಲ್ಲ ಎಂದು ಹರುಯೊ ಹೇಳಿದರೆ ಮುಖ್ಯಸ್ಥ ಪರೀಕ್ಷೆಯನ್ನು ವಾರ ಮುಂದಕ್ಕೆ ಹಾಕುತ್ತಾನೆ. ಆ ವಾರದಲ್ಲಿ ಕೊನೊಮಿಗೆ ಬೇರೆ ಹಲಗೆ ಹೇಗಾದರೂ ಕೊಡಿಸಬಹುದು. ಉಳಿದ ಐವತ್ತೊಂಬತ್ತರ ಮಾತು ಆಮೇಲೆ. ಮನೆ ಉಳಿಯುತ್ತದೆ, ಒಲೆ ಉಳಿಯುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ನೆತ್ತಿ ತಲುಪುವ ಹೊತ್ತಿಗೆ ಆ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು.

ಕೊನೊಮಿ ಅವಳ ಕೈ ಹಿಡಿದು ಮೇಲೆ ಎಳೆದುಕೊಂಡಳು.

"ನನ್ನ ತಪ್ಪು ಏನು ಅಂತ ಗೊತ್ತಾಯ್ತಾ, ಚಿಕ್ಕಮ್ಮ? ಹೇಳು. ತಿದ್ಕೋತೀನಿ."

ಹರುಯೊ ಅವಳ ಊದಿದ ಮಣಿಕಟ್ಟನ್ನು ನೋಡಿದಳು. ನಾಲಿಗೆಯ ತುದಿಯಲ್ಲಿದ್ದದ್ದು ಹಿಂದಕ್ಕೆ ಹೋಯಿತು.

"ಹಲಗೆ ಮಾತಾಡುತ್ತೆ" ಎಂದಳು. "ಮೊದಲಿಂದಲೂ ಮಾತಾಡ್ತಿತ್ತು. ನನ್ನ ಕಾಲಿಗೆ ಕಿವುಡು."

ಕೊನೊಮಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಬಗ್ಗಿ ಚಿಕ್ಕಮ್ಮನ ಎಡ ಬೂಟನ್ನು ನೋಡಿದಳು, ಅಲ್ಲೇನೋ ಬರೆದಿರುವ ಹಾಗೆ.

"ಯಾವಾಗಿಂದ?"

"ನನಗೆ ಗೊತ್ತಾಗಿದ್ದು ನವೆಂಬರಲ್ಲಿ. ಅದು ಸತ್ತಿದ್ದು ಯಾವಾಗ ಅಂತ ಅದಕ್ಕೇ ಗೊತ್ತು."

ನವೆಂಬರ್ ಎಂಬ ಮಾತನ್ನು ಕೊನೊಮಿ ಒಳಗೇ ಎಣಿಸಿದ್ದು ಕಂಡಿತು. ಡಿಸೆಂಬರಿನಲ್ಲಿ ಅವಳಿಗೆ ಹಲಗೆ ಬಂದಿತ್ತು. ಅವಳು ಮಂಡಿಯೂರಿ ತನ್ನ ಪಟ್ಟಿ ಬಿಚ್ಚಿ, ಹಲಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಇನ್ನೊಂದು ಕೈಯನ್ನು ಹರುಯೊಳ ತೋಳಿಗೆ ಹಾಕಿದಳು. ಇಬ್ಬರೂ ಬದಿಯ ಕಾಲುದಾರಿಯಲ್ಲಿ ನಡೆದು ಇಳಿದರು. ಅರ್ಧ ಗಂಟೆ ಹಿಡಿಯಿತು. ಕೆಳಗೆ ಮುಖ್ಯಸ್ಥ ಸಿಡುಕುತ್ತಾ ನಿಂತಿದ್ದ, ಪಡೆಯ ಉಳಿದವರೂ ಸೇರಿದ್ದರು. ಏನಾಯಿತು ಎಂದು ಅವನು ಕೇಳುವ ಮುಂಚೆಯೇ ಕೊನೊಮಿ ಹೇಳಿದಳು, ಹಿಮ ಸರಿಯಿಲ್ಲ ಅಂತ ಚಿಕ್ಕಮ್ಮ ಹೇಳ್ತಿದಾರೆ ಎಂದು. ಹರುಯೊ ಹತ್ತುವಾಗ ಕಟ್ಟಿಟ್ಟುಕೊಂಡಿದ್ದ ಮಾತನ್ನೇ ಈ ಹುಡುಗಿ ತಾನಾಗಿ ಅವಳ ಕೈಗಿಡುತ್ತಿದ್ದಳು.

"ಹಿಮ ಸರಿಯಾಗೇ ಇದೆ" ಎಂದಳು ಹರುಯೊ. ಉಳಿದದ್ದನ್ನೂ ಎಲ್ಲರ ಮುಂದೆ ಹೇಳಿದಳು. ಪಡೆಯವರು ತಮ್ಮ ತಮ್ಮ ಹಲಗೆಯ ಬಾಲದ ಕಡೆ ನೋಡಿಕೊಂಡರು.

ಕಾರ್ಖಾನೆಯಲ್ಲಿ ಇಸಾಕು ಮರ ಹೆರೆಯುತ್ತಿದ್ದ. ಹರುಯೊ ಎಂದಿನಂತೆ ಒಲೆಯ ಮುಂದೆ ಕೂತು ಬೂಟು ಕಳಚಿದಳು. ಎಡ ಕಾಲುಚೀಲ ಒದ್ದೆಯಾಗಿ ಕೆಂಪಗಿತ್ತು. ಹತ್ತುವಾಗ ಹಳೆಯ ಗಾಯ ಬಾಯಿಬಿಟ್ಟದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಇಸಾಕು ಅದನ್ನು ನೋಡಿದ, ಏನೂ ಕೇಳದೆ ಚಹಾ ಕೊಟ್ಟ. ಲೋಟ ಖಾಲಿಯಾಗುವವರೆಗೂ ಒಲೆಯ ಸದ್ದು ಬಿಟ್ಟು ಬೇರೆ ಸದ್ದಿಲ್ಲ.

"ಮಾತಾಡುತ್ತೆ" ಎಂದಳು ಹರುಯೊ.

"ಯಾವುದು, ಅಕ್ಕ?"

"ನೀನು ಮಾಡಿದ ಅರವತ್ತೂ."

ಅವಳು ಎಲ್ಲ ಹೇಳಿ ಮುಗಿಸಿದಾಗ ಇಸಾಕು ಎದ್ದು ಗೋಡೆಯಿಂದ ಅಪ್ಪನ ಗರಗಸ ತೆಗೆದ. ಮಾದರಿ ಹಲಗೆಯನ್ನು ಮೂತಿಯಿಂದ ಬಾಲದವರೆಗೆ ಸೀಳಿದ. ಬೆಳಕಿಗೆ ಹಿಡಿದು ಬೆರಳಾಡಿಸಿ ನೋಡಿದ. ಗಂಟಿಲ್ಲ, ಬಿರುಕಿಲ್ಲ, ಅಂಟು ಬಿಟ್ಟಿಲ್ಲ. ಚೊಕ್ಕ ಕೆಲಸ. ಮರ ಮಾತ್ರ ಹಗುರ.

"ಒಂದು ಗಂಟಾದ್ರೂ ಇದ್ದಿದ್ರೆ ಆಗ್ತಿತ್ತು" ಎಂದ. ಆಮೇಲೆ ಅವಳ ಕಡೆ ತಿರುಗದೆ, "ನವೆಂಬರಲ್ಲೇ ಹೇಳಬೇಕಿತ್ತು ನೀವು."

"ಹೌದು" ಎಂದಳು ಹರುಯೊ.

ಆ ವಾರವೆಲ್ಲ ಇಸಾಕು ಅಂಗಡಿ ಅಂಗಡಿಗೂ ಫೋನು ಹಚ್ಚಿ ಹಲಗೆಗಳನ್ನು ವಾಪಸು ಕರೆದ. ಕಾರಣ ಕೇಳಿದವರಿಗೆ, ಮರ ಬದಲಿಸಬೇಕು ಎಂದಷ್ಟೇ ಹೇಳಿದ. ಆದರೆ ಕಣಿವೆಯಲ್ಲಿ ಮಾತು ಲಿಫ್ಟಿಗಿಂತ ಬೇಗ ಇಳಿಯುತ್ತದೆ. ಹಿಂದೆ ಕಿವಿ ಇದೆ ಅಂದವರೇ ಈಗ, ಕಾಲಿಗೆ ಕಿವಿ ಇರುವುದನ್ನು ಯಾರಾದರೂ ಕಂಡಿದ್ದಾರೆಯೇ ಅಂದರು. ಸ್ನಾನದ ಬುಗ್ಗೆಯಲ್ಲಿ ಹೆಂಗಸರು ಅವಳು ನೀರಿಗಿಳಿದಾಗ ಎಡಗಾಲನ್ನೇ ನೋಡಿದರು. ಐವತ್ತೆಂಟು ಹಲಗೆಗಳು ವಾಪಸು ಬಂದವು. ಉಳಿದೆರಡು ಎಲ್ಲಿವೆಯೋ ಗೊತ್ತಾಗಲಿಲ್ಲ. ಹರುಯೊ ದಿನಾ ಬೆಳಿಗ್ಗೆ ಇಸಾಕುವಿಗೆ ಕೇಳುತ್ತಿದ್ದದ್ದು ಆ ಎರಡರ ಸುದ್ದಿಯೊಂದೇ.

ಮನೆಯ ಮಾತನ್ನು ಇಸಾಕು ಎತ್ತಲೇ ಇಲ್ಲ. ಅದೇ ಅವಳಿಗೆ ಕಷ್ಟವಾಗಿದ್ದು. ಕೊನೊಮಿಗೆ ಹಲಗೆ ಹತ್ತಲು ಹೇಳು, ಬಿದ್ದಾಗಲೂ ಬೀಳದಿದ್ದಾಗಲೂ ಅವಳ ಕಾಲು ನಿಜ ಹೇಳಿತು, ನಾನೇ ಕೇಳಲಿಲ್ಲ ಎಂದು ಅವಳೇ ಹೇಳಿದಳು. ಇಳಿದು ಬಂದ ಮೇಲೆ ತಿರುಗಿ ಗೆರೆ ನೋಡಲಿ, ಅದಕ್ಕೆ ನಿನ್ನ ಅಪ್ಪ ಬೈದರೆ ನನ್ನ ಹೆಸರು ಹೇಳು ಎಂದಳು. ಮಾರ್ಚಿ ಕೊನೆಗೆ ಮನೆ ಬಿಡುತ್ತೇನೆ ಎಂದಳು. ಇಸಾಕು, ಇರಿ ಅಕ್ಕ, ಆ ಮಾತೆಲ್ಲ ಅಪ್ಪನ ಕಾಲದ್ದು ಎಂದ. ಮನೆಯ ಮಾತು ಬಿಟ್ಟರೆ ಹಲಗೆಯ ಮಾತೂ ಬಿಟ್ಟ ಹಾಗೆ ಎಂದಳು ಹರುಯೊ.

ಶಿಗೆ ಅಜ್ಜಿಗೆ ಸುದ್ದಿ ಹೋದದ್ದೇ ಅವಳು ಬಾಗಿಲಿಗೆ ಬಂದು ನಿಂತಳು. ತನ್ನ ಮಹಡಿ ಖಾಲಿ ಇದೆ ಎಂದಳು.

"ಕಾಲು ಹೋದ್ರೆ ಕೈ ಇದ್ಯಲ್ಲ ಕಣೇ. ಸೊಪ್ಪು ತೊಳೆಯೋಕೆ ಬಾ. ಸೊಪ್ಪು ಮಾತಾಡಲ್ಲ."

"ನಿನ್ನ ಬಾಯಿ ಮುಂದೆ ಅದು ಹೇಗೆ ಮಾತಾಡೀತು" ಎಂದಳು ಹರುಯೊ. ಎಷ್ಟೋ ವಾರದ ಮೇಲೆ ಅಜ್ಜಿ ಅವಳನ್ನು ಬೈದಳು, ಅವಳಿಗೆ ಹಗುರವಾಯಿತು.

ಮಾರ್ಚಿಯ ಕೊನೆಯ ದಿನ. ತಮೊ ಮರ ಮರಳಿ ಹಾಕಿ, ರಬ್ಬರಿನ ಪಟ್ಟಿ ಮರಳಿ ಕೂರಿಸಿ ಮಾಡಿದ ಹೊಸ ಹಲಗೆಯನ್ನು ಕೊನೊಮಿ ಬೆಳಗ್ಗಿನಿಂದ ಮೂರು ಇಳಿತ ಇಳಿದಿದ್ದಳು. ಸಂಜೆಯ ಬಿಸಿಲು ಕಿಟಕಿಗೆ ಬಂದಿತ್ತು. ಹರುಯೊ ನೆಲ ಒರೆಸಿ, ಒಲೆಯ ಬೂದಿ ತೆಗೆದು, ಕೈಗನ್ನಡಿಯನ್ನು ಬಟ್ಟೆಯ ಗಂಟಿನ ನಡುವೆ ಇಟ್ಟಳು. ಪಾದದ ಅಚ್ಚಿನ ಕಬ್ಬಿಣವನ್ನು ಉಜ್ಜಿ, ಎಣ್ಣೆ ಸವರಿ, ಕೊನೊಮಿಗೆ ಕಾಣುವ ಹಾಗೆ ಗೂಡಿನಲ್ಲಿಟ್ಟಳು. ಬಾರ್ಲಿ ಚಹಾದ ಡಬ್ಬಿ ಅರ್ಧ ತುಂಬಿತ್ತು, ಅದನ್ನೂ ಅಲ್ಲೇ ಬಿಟ್ಟಳು.

ಗೋಡೆಯಾಚೆ ಕಾರ್ಖಾನೆಯಲ್ಲಿ ಬೂಟು ಕಳಚಿದ ಸದ್ದು ಎರಡು ಸಲ ಕೇಳಿತು. ಕುರ್ಚಿ ಎಳೆದ ಸದ್ದು. ಆಮೇಲೆ ಏನೂ ಇಲ್ಲ. ಕೊನೊಮಿ ಚಹಾ ಕುಡಿಯುತ್ತಿದ್ದಾಳೆ, ಇಸಾಕು ಕಾಯುತ್ತಿದ್ದಾನೆ. ಹರುಯೊ ಗಂಟು ಹಿಡಿದು ನಿಂತಲ್ಲೇ ನಿಂತು ಆ ಮೌನವನ್ನು ಕೇಳಿದಳು. ಗೋಡೆಗೆ ಕಿವಿ ಹಚ್ಚಿದ್ದರೆ ತೀರ್ಪು ಕೇಳಿಸುತ್ತಿತ್ತು. ಲೋಟ ಕೆಳಗಿಟ್ಟ ಸದ್ದಾಗುವ ಮುಂಚೆಯೇ ಅವಳು ಬಾಗಿಲಿಗೆ ಬಂದಳು.

ಅಭ್ಯಾಸಬಲ. ಬೂಟಿಗೆ ಕೈ ಹಾಕುವ ಮುಂಚೆ ಕಾಲುಚೀಲ ತೆಗೆದು ಎಡಗಾಲನ್ನು ಹೊಸಿಲಾಚೆಯ ಹಿಮದ ಮೇಲೆ ಇಟ್ಟಳು. ಏನೂ ಇಲ್ಲ. ಹಿಂದಕ್ಕೆ ತೆಗೆದುಕೊಂಡು ಬಲಗಾಲು ಇಟ್ಟಳು. ಅದಕ್ಕೆ ಸ್ವಲ್ಪ ಕೇಳಿಸಿತು: ತೆಂಕಣ ಗಾಳಿ, ಮೇಲೆ ನೀರು, ಕೆಳಗೆ ಇನ್ನೂ ಗಟ್ಟಿ, ನಾಳೆಗೆ ಬೋಳುತಲೆ ಕರಗಲು ಶುರು. ಎರಡೂ ಪಾದಗಳನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಎಡದ್ದನ್ನು ಬೆರಳ ಸಂದಿಗಳವರೆಗೂ ನೋಡಿ, ಕಾಲುಚೀಲ ಹಾಕಿ, ಬೂಟಿನ ದಾರ ಕಟ್ಟಿ, ಗಂಟನ್ನು ಹೆಗಲಿಗೇರಿಸಿ ಹರುಯೊ ಮನೆಯಿಂದ ಹೊರಗೆ ನಡೆದಳು.